‘ರೆಸ್ಕ್ಯೂಡ್’ ನಾಯಿಗೆ ಕನ್ನಡದ ಬೋರ್ಡು: ಯಾವ ಪದ ಬರೆಯಲಿ?

ಶಿರಸಿ ಅನುವಾದಕಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಪದ ಕಾಡುತ್ತಿದೆ. ನಿಮ್ಮ ಸಹಾಯ ಬೇಕು.

ನಮ್ಮೂರಿನ ಹತ್ತಿರ ಪೆಟ್ಟು ಬಿದ್ದ, ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಜಾಗ ಇದೆ. ಅವರ ಬೋರ್ಡು, ಅರ್ಜಿ, ಕರಪತ್ರ ಎಲ್ಲವೂ ಇಂಗ್ಲಿಷಿನಲ್ಲಿವೆ. ಕನ್ನಡಕ್ಕೆ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡೆ. ಎಲ್ಲಿ ನೋಡಿದರೂ ‘ರೆಸ್ಕ್ಯೂಡ್’, ಅಂದರೆ ಅಪಾಯದಿಂದ ಪಾರು ಮಾಡಿ ತಂದದ್ದು ಅಂತ. ರೆಸ್ಕ್ಯೂಡ್ ನಾಯಿ, ರೆಸ್ಕ್ಯೂಡ್ ಕರು, ರೆಸ್ಕ್ಯೂಡ್ ಹಾವು.

ಮೊದಲು ‘ರಕ್ಷಿಸಿದ ನಾಯಿಗಳು’ ಅಂತ ಬರೆದೆ. ನಮ್ಮ ಅತ್ತೆ ಓದಿ, ‘ಯಾರನ್ನ ರಕ್ಷಿಸಿದ್ವಂತೆ ಈ ನಾಯಿಗಳು?’ ಅಂತ ಕೇಳಿದರು. ಅವರಿಗೆ ನಿಜವಾಗಿಯೂ ಹಾಗೇ ಅರ್ಥವಾಗಿತ್ತು. ಆಮೇಲೆ ‘ರಕ್ಷಿಸಲ್ಪಟ್ಟ ನಾಯಿಗಳು’ ಅಂತ ಮಾಡಿದೆ. ಸರ್ಕಾರಿ ಸುತ್ತೋಲೆ ಓದಿದ ಹಾಗಾಯಿತು. ‘ಸಂರಕ್ಷಿತ’ ಅಂದರೆ ಹಳೆಯ ದೇವಸ್ಥಾನದ ಮುಂದಿರುವ ನೀಲಿ ಬೋರ್ಡು ನೆನಪಾಗುತ್ತದೆ. ಅದು ಕಾದಿಟ್ಟದ್ದು, ಅಪಾಯದಿಂದ ಎತ್ತಿ ತಂದದ್ದಲ್ಲ.

ಸುಮ್ನೆ ‘ರೆಸ್ಕ್ಯೂಡ್’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆದುಬಿಡಲಾ? ಆದರೆ ಆ ಬೋರ್ಡನ್ನು ಓದುವವರು ಶಾಲೆ ಮಕ್ಕಳು, ಹಾಲು ಕೊಡಲು ಬರುವವರು, ಗದ್ದೆಯಲ್ಲಿ ಸಿಕ್ಕ ಪ್ರಾಣಿಯನ್ನು ಹೊತ್ತು ತರುವವರು. ಅವರಿಗೆ ಒಂದೇ ನೋಟಕ್ಕೆ ತಿಳಿಯಬೇಕು ಅಲ್ವಾ?

ತುಮಕೂರು ಮೇಷ್ಟ್ರು

ನಿಮ್ಮ ಅತ್ತೆಯವರು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ ತಾಯಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಮ್ಮ ಭಾಷೆಯಲ್ಲಿ ‘ತಿಂದ ಹುಡುಗ’ ಅನ್ನುತ್ತೇವೆ, ‘ತಿಂದ ಹಣ್ಣು’ ಅಂತಲೂ ಅನ್ನುತ್ತೇವೆ. ‘ತಿಂದ’ ಎರಡೂ ಕಡೆ ಒಂದೇ. ಹುಡುಗ ತಿಂದವನು, ಹಣ್ಣು ತಿನ್ನಿಸಿಕೊಂಡದ್ದು. ಹಣ್ಣು ತಿನ್ನುವುದಿಲ್ಲ ಅಂತ ನಮಗೆ ಗೊತ್ತಿರುವುದರಿಂದ ಗೊಂದಲ ಆಗುವುದಿಲ್ಲ. ಪದ ತಾನಾಗಿ ಏನೂ ಹೇಳುವುದಿಲ್ಲ, ಲೋಕದ ತಿಳಿವಳಿಕೆ ಹೇಳುತ್ತದೆ. ಆದರೆ ಕಾಪಾಡುವ ಕೆಲಸ ನಾಯಿಯೂ ಮಾಡುತ್ತದೆ, ಮನುಷ್ಯನೂ ಮಾಡುತ್ತಾನೆ. ಅದಕ್ಕೇ ‘ಕಾಪಾಡಿದ ನಾಯಿ’ ಎರಡು ಕಡೆಗೂ ತೂಗುತ್ತದೆ.

ಇಂಗ್ಲಿಷಿನ ‘ರೆಸ್ಕ್ಯೂಡ್’ ಹಾಗಲ್ಲ. ಅದು ಹೆಸರಿನ ಮುಂದೆ ಬಂದರೆ ಯಾವಾಗಲೂ ಕಾಪಾಡಿಸಿಕೊಂಡವರ ಕಡೆಗೇ. ‘ದಿ ರೆಸ್ಕ್ಯೂಡ್’ ಅಂತ ಒಂಟಿಯಾಗಿ ಬಳಸಿದರೆ ಹಾಗೆ ಪಾರಾಗಿ ಬಂದವರೆಲ್ಲರೂ ಅಂತ. ಇನ್ನೊಂದು ಗುಣವೂ ಇದೆ. ‘ವೆರಿ ಟಯರ್ಡ್’ ಅನ್ನಬಹುದು, ‘ವೆರಿ ರೆಸ್ಕ್ಯೂಡ್’ ಅನ್ನುವಂತಿಲ್ಲ. ಅದರಲ್ಲಿ ಜಾಸ್ತಿ ಕಡಿಮೆ ಇಲ್ಲ. ‘ನ್ಯೂಲಿ’ ಸೇರಿಸಬಹುದು, ಅಂದರೆ ಈಗಷ್ಟೇ ತಂದದ್ದು ಅಂತ.

ಕನ್ನಡದಲ್ಲಿ ಗೊಂದಲ ಬಿಡಿಸುವ ದಾರಿ ಸುಲಭ. ಯಾರು ಅನ್ನುವುದನ್ನೋ, ಎಲ್ಲಿಂದ ಅನ್ನುವುದನ್ನೋ ಮುಂದೆ ಇಡಿ. ‘ಊರವರು ಕಾಪಾಡಿದ ನಾಯಿ’. ‘ಬಾವಿಯಿಂದ ಎತ್ತಿದ ಕರು’. ಅಲ್ಲಿಗೆ ಮುಗಿಯಿತು. ‘ಲ್ಪಟ್ಟ’ ಬೇಕಾಗಿಯೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿದ್ದೇನೆ. ಆ ‘ಪಟ್ಟ’ ಬಂದ ಕಡೆಯಲ್ಲೆಲ್ಲ ವಾಕ್ಯದ ಉಸಿರು ಕಟ್ಟುವುದನ್ನು ಕಂಡಿದ್ದೇನೆ.

ಬರ್ನ್‌ನಲ್ಲಿರುವ ಕನ್ನಡಿಗ

ಮೇಷ್ಟ್ರೇ, ‘ರೆಸ್ಕ್ಯೂಡ್’ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಇಂಗ್ಲಿಷಿನವರಿಗೂ ಇದೇ ತಾಪತ್ರಯ ಬೇರೆ ಬಾಗಿಲಿನಿಂದ ಬಂದಿದೆ. ‘ಡಿ’ ಬಿಟ್ಟು ‘ರೆಸ್ಕ್ಯೂ ಡಾಗ್’ ಅಂದು ನೋಡಿ. ಅದಕ್ಕೆ ಎರಡು ಅರ್ಥ. ಹಿಮದಲ್ಲಿ, ಕುಸಿದ ಕಟ್ಟಡದಲ್ಲಿ ಜನರನ್ನು ಹುಡುಕುವ ನಾಯಿ ಒಂದು. ಬೀದಿಯಿಂದಲೋ ಕೆಟ್ಟ ಯಜಮಾನನಿಂದಲೋ ಬಿಡಿಸಿ ತಂದು ಸಾಕಿದ ನಾಯಿ ಇನ್ನೊಂದು. ಈಗ ಮನೆಗಳಲ್ಲಿ ಜಾಸ್ತಿ ಕೇಳುವುದು ಎರಡನೆಯದೇ. ‘ನಮ್ಮದು ರೆಸ್ಕ್ಯೂ’ ಅಂತ ಒಂದೇ ಪದದಲ್ಲಿ ಹೇಳುತ್ತಾರೆ.

ನಾನಿರುವ ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಪ್ರಕೃತಿ ವಿಜ್ಞಾನ ಮ್ಯೂಸಿಯಂನಲ್ಲಿ ಬ್ಯಾರಿ ಅನ್ನುವ ನಾಯಿಯ ದೇಹವನ್ನು ಇಂದಿಗೂ ಕಾಪಾಡಿ ಇಟ್ಟಿದ್ದಾರೆ. 1800ರಿಂದ 1814ರವರೆಗೆ ಬದುಕಿದ್ದ ನಾಯಿ. ಆಲ್ಪ್ಸ್‌ನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ ಸಾಧುಗಳ ತಂಗುಮನೆ ಇದೆ. ಅಲ್ಲಿ ಬೆಳೆದ ಬ್ಯಾರಿ ಹಿಮದಲ್ಲಿ ಸಿಕ್ಕಿಕೊಂಡ 40ಕ್ಕೂ ಹೆಚ್ಚು ಜನರನ್ನು ಉಳಿಸಿತು ಅಂತ ಇಲ್ಲಿ ಹೇಳುತ್ತಾರೆ. ಚಿತ್ರಗಳಲ್ಲಿ ಅದರ ಕೊರಳಿಗೆ ಪುಟ್ಟ ಪೀಪಾಯಿ ಕಟ್ಟಿರುತ್ತದಲ್ಲ, ಅದು ಆಮೇಲೆ ಸೇರಿದ ಕಥೆ. ನಾನು ಮಗಳನ್ನು ಕರೆದುಕೊಂಡು ಹೋಗಿದ್ದೆ. ‘ಇದು ಕಾಪಾಡಿದ ನಾಯಿ’ ಅಂದೆ. ನಮ್ಮ ಪಕ್ಕದ ಮನೆಯವರ ನಾಯಿಯ ಬಗ್ಗೆ ಹಿಂದಿನ ದಿನ ತಾನೇ ಅದೇ ಮಾತು ಹೇಳಿದ್ದೆ. ‘ಹಾಗಾದ್ರೆ ಇದನ್ನ ಯಾರು ಕಾಪಾಡಿದ್ದು ಅಪ್ಪ?’ ಅಂತ ಕೇಳಿದಳು. ಶಿರಸಿ ಅಕ್ಕನ ಅತ್ತೆಯವರ ಪ್ರಶ್ನೆಯನ್ನೇ ತಿರುಗಿಸಿ ಕೇಳಿದ ಹಾಗೆ.

ಮೈಸೂರು ಪಶುವೈದ್ಯೆ

ಕಾಪಾಡುವ ನಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ. 2023ರ ಫೆಬ್ರವರಿಯಲ್ಲಿ ಟರ್ಕಿಯಲ್ಲಿ ಭೂಕಂಪ ಆದಾಗ ನಮ್ಮ ದೇಶದ ವಿಪತ್ತು ಪರಿಹಾರ ಪಡೆ ಎನ್‌ಡಿಆರ್‌ಎಫ್ ತಂಡದ ಜೊತೆ ಲ್ಯಾಬ್ರಡಾರ್ ನಾಯಿಗಳೂ ಹೋಗಿದ್ದವು. ಜೂಲಿ ಅನ್ನುವ ನಾಯಿ ಅವಶೇಷದ ಒಂದು ಕಡೆ ನಿಂತು ಬೊಗಳಿತು. ಅಲ್ಲಿ ಆರು ವರ್ಷದ ಹುಡುಗಿ ಜೀವಂತ ಸಿಕ್ಕಿದಳು. ಇಂಥ ನಾಯಿಗೆ ‘ಕಾಪಾಡುವ ನಾಯಿ’ ಅನ್ನಿ. ಕೆಲಸ ನಡೆಯುತ್ತಲೇ ಇರುವುದರಿಂದ ‘ಕಾಪಾಡುವ’ ಸರಿಹೊಂದುತ್ತದೆ.

ಆದರೆ ನನಗೆ ಹೇಳಬೇಕಾಗಿರುವುದು ಕರಡಿಗಳ ವಿಷಯ. ಕರಡಿ ಕುಣಿಸುವವರು ಊರೂರಿಗೆ ಬರುತ್ತಿದ್ದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಅದು ಬಹಳ ಕಾಲ ನಡೆದೇ ಇತ್ತು. ಮರಿ ಇರುವಾಗಲೇ ಕಾದ ಕಬ್ಬಿಣದಿಂದ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲು ಕಿತ್ತುಹಾಕುತ್ತಿದ್ದರು. ಇಂಥ ಕರಡಿಗಳನ್ನು ಬಿಡಿಸಿ ತಂದು ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರದಲ್ಲಿ ಇಟ್ಟರು. ಹೀಗೆ ಬಂದವುಗಳಲ್ಲಿ ಕೊನೆಯದು ಅಂತ ಹೇಳುವ ರಾಜು ಅನ್ನುವ ಕರಡಿ ಬಂದದ್ದು 2009ರಲ್ಲಿ. ಕರಡಿ ಆಡಿಸಿ ಹೊಟ್ಟೆ ಹೊರೆಯುತ್ತಿದ್ದ ಖಲಂದರ್ ಮನೆಗಳಿಗೆ ಬೇರೆ ಕಸುಬು ಹಿಡಿಯಲು ಸಹಾಯ ಮಾಡಿದ್ದರಿಂದಲೇ ಅದು ನಿಂತಿತು. ಆ ಮನೆಗಳನ್ನು ಮರೆತು ಕರಡಿಯನ್ನಷ್ಟೇ ಎತ್ತಿಕೊಂಡು ಬಂದಿದ್ದರೆ ಇನ್ನೊಂದು ಮರಿ ಕಾಡಿನಿಂದ ಬರುತ್ತಿತ್ತು.

ಆ ಕರಡಿಗಳು ‘ರೆಸ್ಕ್ಯೂಡ್’ ಹೌದು. ಆದರೆ ಬಿಡುಗಡೆ ಆದವಲ್ಲ. ಹಲ್ಲಿಲ್ಲದ, ಕಾಡೇ ಗೊತ್ತಿಲ್ಲದ ಕರಡಿ ಕಾಡಿಗೆ ಮರಳಲಾರದು. ಸಾಯುವವರೆಗೆ ಬೇಲಿಯ ಒಳಗೇ ಇರಬೇಕು. ಅಲ್ಲಿ ಅವಕ್ಕೆ ನೋವಿಲ್ಲ, ಹಸಿವಿಲ್ಲ. ಅದು ದೊಡ್ಡದೇ. ಆದರೂ ಶಿರಸಿ ಮೇಡಂ, ದಯವಿಟ್ಟು ‘ಮುಕ್ತ’, ‘ಬಿಡುಗಡೆಯಾದ’ ಅಂತ ಬರೆಯಬೇಡಿ. ಪ್ರಾಣಿ ಬೋನಿನಲ್ಲಿದ್ದು ಮೇಲೆ ‘ಮುಕ್ತ’ ಅಂತ ಬೋರ್ಡಿದ್ದರೆ ಮಕ್ಕಳು ಏನು ಕಲಿಯುತ್ತಾರೆ?

ಶಿಕಾರಿಪುರದ ಶಾಸನಾಸಕ್ತ

ನನಗೆ ಈ ಚರ್ಚೆ ಓದುತ್ತಾ ವೀರಗಲ್ಲುಗಳು ನೆನಪಾದವು. ನಮ್ಮ ಕಡೆ ಹಳ್ಳಿಗೊಂದು ಸಿಗುತ್ತವೆ. ತುರುಗಾಳಗದ ಕಲ್ಲುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ‘ತುರುವಂ ಮಗುಳ್ಚಿ’. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಹಿಂದಕ್ಕೆ ತಿರುಗಿಸಿ ಅಂತ. ತಿರುಗಿಸಿ ಸತ್ತ ಅಂತ ಮುಂದಿನ ಮಾತು.

ನೋಡಿ, ಅಲ್ಲಿ ‘ರಕ್ಷಿಸಿ’ ಅನ್ನಲಿಲ್ಲ. ಏನು ಮಾಡಿದನೋ ಅದನ್ನೇ ಹೇಳಿದರು. ದನ ಆ ಕಡೆ ಹೋಗುತ್ತಿತ್ತು, ಈ ಕಡೆ ತಿರುಗಿಸಿದ. ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಆಳು. ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ದನಗಳಿಗೆ ಯಾವ ಬಿರುದೂ ಇಲ್ಲ, ಅವು ತಮ್ಮ ಹಟ್ಟಿಗೆ ಬಂದವು ಅಷ್ಟೇ.

ಕನ್ನಡದಲ್ಲಿ ಇಂಥ ಕ್ರಿಯಾಪದಗಳು ಎಷ್ಟೊಂದಿವೆ! ಕಾಯುವುದು, ಪೊರೆಯುವುದು, ಸಲಹುವುದು, ಉಳಿಸುವುದು, ಬಿಡಿಸುವುದು, ಎತ್ತುವುದು, ಪಾರು ಮಾಡುವುದು. ಪೊರೆಯುವುದು, ಸಲಹುವುದು ಅಂದರೆ ವರ್ಷಗಟ್ಟಲೆ ನಡೆಯುವ ಕೆಲಸ. ಬಿಡಿಸುವುದು ಒಂದು ಗಳಿಗೆಯದು. ಪಾರು ಅಂದರೆ ಆಚೆ ದಡ. ಆನೆಯ ಕಾಲನ್ನು ಮೊಸಳೆ ಹಿಡಿದ ಕಥೆಗೆ ನಾವು ‘ಗಜೇಂದ್ರ ಮೋಕ್ಷ’ ಅಂತ ಕರೆದೆವು. ‘ಗಜೇಂದ್ರ ರಕ್ಷಣೆ’ ಅನ್ನಲಿಲ್ಲ. ಹಿಡಿತ ಬಿಟ್ಟದ್ದೇ ಮುಖ್ಯ ಅಂತ ಆ ಹೆಸರು ಹೇಳುತ್ತದೆ. ಜೊತೆಗೆ, ಕೂಗಿ ಕರೆದದ್ದು ಆನೆಯೇ.

ಧಾರವಾಡ ವಕೀಲ

ಶಾಸನದವರ ದನಗಳನ್ನು ನಾನು ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ.

‘ರೆಸ್ಕ್ಯೂ’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಮಾತು. ಅದರ ಲ್ಯಾಟಿನ್ ಬೇರಿನಲ್ಲಿ ಕೊಡವುವುದು, ಕೊಡವಿ ಬಿಡಿಸುವುದು ಅನ್ನುವ ಅರ್ಥ ಇದೆ. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಅದು ಒಳ್ಳೆಯ ಮಾತೇ ಆಗಿರಲಿಲ್ಲ. ಬಾಕಿಗಾಗಿ ಹಿಡಿದಿಟ್ಟ ದನವನ್ನೋ, ಬಂಧನದಲ್ಲಿದ್ದ ಮನುಷ್ಯನನ್ನೋ ಬಲವಂತವಾಗಿ ಬಿಡಿಸಿಕೊಂಡು ಹೋದರೆ ಅದು ‘ರೆಸ್ಕ್ಯೂ’, ಅಂದರೆ ಅಪರಾಧ. ನಮ್ಮಲ್ಲಿ 1871ರ ಕ್ಯಾಟಲ್ ಟ್ರೆಸ್‌ಪಾಸ್ ಕಾಯ್ದೆಯ 24ನೇ ಕಲಂ ನೋಡಿ. ಬೆಳೆ ಮೇಯ್ದ ದನವನ್ನು ಹಿಡಿದು ದೊಡ್ಡಿಗೆ ಹಾಕುತ್ತಿದ್ದರಲ್ಲ, ನಮ್ಮ ಕಡೆ ಕೊಂಡವಾಡ ಅಂತೀವಿ. ಅಲ್ಲಿಂದ ಅದನ್ನು ‘ರೆಸ್ಕ್ಯೂ’ ಮಾಡಿದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದರಲ್ಲಿತ್ತು. ದನದ ಒಡೆಯನ ಕಣ್ಣಿಗೆ ಅದು ಬಿಡಿಸಿ ತಂದ ದನ, ಹೊಲದ ಒಡೆಯನ ಕಣ್ಣಿಗೆ ಕದ್ದೊಯ್ದ ದನ.

ಅಂದರೆ ಈ ಪದದೊಳಗೆ ‘ಯಾರ ಕಣ್ಣಿಗೆ’ ಅನ್ನುವ ಪ್ರಶ್ನೆ ಯಾವಾಗಲೂ ಇದೆ. ಮನುಷ್ಯರ ವಿಷಯಕ್ಕೆ ಬಂದಾಗ ಅದು ಬಹಳ ಗಂಭೀರ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ 16ನೇ ಕಲಮಿನ ತಲೆಬರಹವೇ ‘ರೆಸ್ಕ್ಯೂ’. ವೇಶ್ಯಾಗೃಹದಲ್ಲಿ ಇರುವವರು, ಆ ಕೆಲಸ ಮಾಡುತ್ತಿರುವವರು, ಒತ್ತಾಯಕ್ಕೆ ಮಾಡುತ್ತಿರುವವರು, ಎಲ್ಲರನ್ನೂ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಅಲ್ಲಿಂದ ಕರೆದೊಯ್ಯಬಹುದು. 17ನೇ ಕಲಮು ಇವರನ್ನು ಎರಡು ಹೆಸರಿನಲ್ಲಿ ಕರೆಯುತ್ತದೆ. 15ರ ಅಡಿಯಲ್ಲಿ ‘ರಿಮೂವ್ಡ್’, ಅಂದರೆ ಆ ಜಾಗದಿಂದ ತೆಗೆದವರು; 16ರ ಅಡಿಯಲ್ಲಿ ‘ರೆಸ್ಕ್ಯೂಡ್’. ಒತ್ತಾಯಕ್ಕೆ ಸಿಕ್ಕಿದವಳಿಗೂ ತಾನಾಗಿ ಇದ್ದವಳಿಗೂ ಅದೇ ವಿಶೇಷಣ. ಕೊನೆಗೆ 2022ರ ಮೇ 19ರಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು: ಅಂಥ ರಕ್ಷಣಾ ಗೃಹಗಳ ಸಮೀಕ್ಷೆ ಮಾಡಿ, ಇಷ್ಟವಿಲ್ಲದೆ ಅಲ್ಲಿ ಉಳಿದಿರುವ ವಯಸ್ಕ ಹೆಣ್ಣುಮಕ್ಕಳನ್ನು ಗುರುತಿಸಿ, ಬಿಡುಗಡೆಗೆ ಕ್ರಮ ಕೈಗೊಳ್ಳಿ ಅಂತ. ‘ರೆಸ್ಕ್ಯೂಡ್’ ಆದವರಿಗೆ ಬಿಡುಗಡೆ ಬೇಕಾಯಿತು. ಪಶುವೈದ್ಯೆ ಮೇಡಂ ಕರಡಿಯ ಬಗ್ಗೆ ಹೇಳಿದ್ದನ್ನು ಓದುವಾಗ ನನಗೆ ಇದೇ ಹೊಳೆಯಿತು. ಕರಡಿಯನ್ನು ಕೇಳಲು ಆಗುವುದಿಲ್ಲ. ಇವರನ್ನು ಕೇಳಬಹುದಿತ್ತು.

ತೀರ್ಥಹಳ್ಳಿ ತೋಟದಿಂದ

ಹಾವಿನ ವಿಷಯಕ್ಕೆ ವಕೀಲರ ‘ರಿಮೂವ್ಡ್’ ಚೆನ್ನಾಗಿ ಹೊಂದುತ್ತದೆ. ಕಾಳಿಂಗ ಸರ್ಪದ ಊಟ ಬೇರೆ ಹಾವುಗಳು. ಕೇರೆ ಹಾವಿನ ಹಿಂದೆ ಬಿದ್ದು ಕೊಟ್ಟಿಗೆಗೋ ಬಚ್ಚಲಿಗೋ ಬಂದುಬಿಡುತ್ತದೆ. ನಾವು ಹಾವು ಹಿಡಿಯುವವರಿಗೆ ಫೋನ್ ಮಾಡುತ್ತೇವೆ. ಅವರು ಬಂದು ಹಿಡಿದು ಚೀಲಕ್ಕೆ ಬಿಟ್ಟುಕೊಂಡು ಹೋಗುತ್ತಾರೆ. ಮಾರನೇ ದಿನ ‘ಕಾಳಿಂಗ ಸರ್ಪದ ರಕ್ಷಣೆ’ ಅಂತ ಸುದ್ದಿ. ಆ ಹಾವಿಗೆ ಏನು ಅಪಾಯ ಇತ್ತು? ಜನ ಹೊಡೆಯಲು ದೊಣ್ಣೆ ಹಿಡಿದಿದ್ದರೆ ರಕ್ಷಣೆ ಹೌದು. ಬಾವಿಗೆ ಬಿದ್ದಿದ್ದರೆ, ಬೇಲಿಯ ಬಲೆಗೆ ಸಿಕ್ಕಿದ್ದರೆ ಹೌದು. ಇಲ್ಲದಿದ್ದರೆ ನಮ್ಮ ಭಯ ಹೋಗಲಿ ಅಂತ ಅದನ್ನು ಅದರ ಜಾಗದಿಂದ ಎತ್ತಿದ್ದು ಅಷ್ಟೇ.

ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇದೆ. ಅಲ್ಲಿ ಕಾಳಿಂಗಗಳ ಒಳಗೆ ಪುಟ್ಟ ರೇಡಿಯೊ ಇಟ್ಟು ಅವು ಎಲ್ಲೆಲ್ಲಿ ಓಡಾಡುತ್ತವೆ ಅಂತ ಹಿಂಬಾಲಿಸಿ ನೋಡಿದರು. ಹಾವಿಗೂ ತನ್ನದೇ ಓಡಾಟದ ನೆಲ ಇರುತ್ತದೆ. ಅದಕ್ಕೇ ಈಗ ತಿಳಿದವರು ದೂರ ಒಯ್ಯುವುದಿಲ್ಲ, ಹಿಡಿದ ಜಾಗದ ಹತ್ತಿರವೇ ಬಿಡುತ್ತಾರೆ. ಕೆಲವು ಸಲ ಹಿಡಿಯುವುದೇ ಇಲ್ಲ. ಮನೆಯವರನ್ನು ಕೂರಿಸಿಕೊಂಡು, ‘ಸ್ವಲ್ಪ ಹೊತ್ತು ಸುಮ್ಮನಿರಿ, ಅದೇ ಹೋಗುತ್ತೆ’ ಅಂತ ಧೈರ್ಯ ಹೇಳುತ್ತಾರೆ. ನಮ್ಮ ತೋಟದಲ್ಲಿ ಒಮ್ಮೆ ಹಾಗೇ ಆಯಿತು. ಸಂಜೆಯೊಳಗೆ ಹಳ್ಳದ ಕಡೆ ಇಳಿದು ಹೋಯಿತು.

ಹಾಗಾಗಿ ಅಕ್ಕ, ಹಾವಿಗೆ ಸುಮ್ನೆ ‘ಹಿಡಿದು ಬಿಟ್ಟ ಹಾವು’ ಅಂತ ಬರೆಯಿರಿ. ಅದೇ ನಿಜ.

ಸುದ್ದಿಮನೆ ಡೆಸ್ಕ್

ತಲೆಬರಹ ಬರೆಯುವವಳಾಗಿ ಒಂದು ಮಾತು. ‘ರಕ್ಷಣೆ’ ನಮಗೆ ಅನುಕೂಲದ ಪದ. ‘41 ಕಾರ್ಮಿಕರ ರಕ್ಷಣೆ’ ಅಂದರೆ ಒಂದು ಕಾಲಮ್ಮಿನಲ್ಲಿ ಕೂರುತ್ತದೆ. ತೊಂದರೆ ಬರುವುದು ಮಾರನೇ ದಿನ. ಆ ಜನರನ್ನು ಮತ್ತೆ ಹೆಸರಿಸಬೇಕು. ಆಗ ‘ರಕ್ಷಿಸಲ್ಪಟ್ಟ ಕಾರ್ಮಿಕರು’ ಬರುತ್ತದೆ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದಾಗ 17 ದಿನ ಈ ಸುದ್ದಿ ಬರೆದೆವು. 28ರ ರಾತ್ರಿ ಅವರು ಹೊರಗೆ ಬಂದರು. ಯಂತ್ರ ಮುರಿದ ಮೇಲೆ ಕೊನೆಯ ಹತ್ತು ಹನ್ನೆರಡು ಮೀಟರ್ ಕೈಯಲ್ಲಿ ಅಗೆದವರು ಇಲಿಬಿಲ ಗಣಿಯ ಕೆಲಸಗಾರರು, ಅಂದರೆ ಆಳು ತೂರುವಷ್ಟೇ ಕಿರಿದಾದ ಬಿಲ ಕೊರೆಯುವವರು. ಹಸಿರು ನ್ಯಾಯಮಂಡಳಿ 2014ರಲ್ಲಿ ನಿಷೇಧಿಸಿದ ಕಸುಬು ಅದು. ಆ ರಾತ್ರಿ ನಾನು ‘ಸುರಂಗದಿಂದ ಹೊರಬಂದ ಕಾರ್ಮಿಕರು’ ಅಂತ ಬರೆದೆ. 17 ದಿನ ಒಳಗೆ ಒಬ್ಬರಿಗೊಬ್ಬರು ಧೈರ್ಯ ತುಂಬಿ, ನಡೆದಾಡಿ, ಯೋಗ ಮಾಡಿ ಉಳಿದವರು ಅವರು. ಅದು ಬರೇ ‘ರಕ್ಷಿಸಲ್ಪಟ್ಟ’ದ್ದಲ್ಲ ಅಂತ ನನಗೆ ಬಲವಾಗಿ ಅನ್ನಿಸಿತ್ತು.

ತುಮಕೂರು ಮೇಷ್ಟ್ರು

ಒಳ್ಳೆಯ ಮಾತು. ಇಂಗ್ಲಿಷಿನಲ್ಲಿ ‘ಸರ್ವೈವರ್’ ಮತ್ತು ‘ರೆಸ್ಕ್ಯೂಡ್’ ಬೇರೆ ಬೇರೆ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ದೋಣಿಗಳಲ್ಲಿದ್ದ ಸುಮಾರು 700 ಜನರನ್ನು ಕಾರ್ಪೇಥಿಯಾ ಹಡಗು ಬಂದು ಎತ್ತಿಕೊಂಡಿತು. ರಾತ್ರಿಯೆಲ್ಲ ಚಳಿಯಲ್ಲಿ ಬದುಕಿದ್ದು ಅವರು, ಬೆಳಗ್ಗೆ ಎತ್ತಿಕೊಂಡದ್ದು ಹಡಗು. ಕನ್ನಡದ ‘ಬದುಕುಳಿದ’, ‘ಪಾರಾದ’ ಮೊದಲನೆಯದಕ್ಕೆ. ಬಚಾವಾದ ಅಂದರೆ ಅದೃಷ್ಟದ ಪಾಲೂ ಇದೆ.

ಆನೇಕಲ್ಲಿನ ಮೊಮ್ಮಗ

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ನಮ್ಮ ತಾತ ಜೀತಕ್ಕಿದ್ದವರು. ಅವರ ಅಪ್ಪ ಮದುವೆಗೆ ಅಂತ ಸಾಲ ಮಾಡಿದ್ದರು. ಆ ಸಾಲಕ್ಕೆ ತಾತ ಹುಡುಗನಾಗಿದ್ದಾಗಲೇ ಗೌಡರ ಮನೆ ದನ ಕಾಯಲು ಹೋದರು. 1975ರ ಅಕ್ಟೋಬರ್ 25ರಿಂದ ಜೀತ ರದ್ದು ಅಂತ ಕಾನೂನು ಆಯಿತು, 1976ರಲ್ಲಿ ಕಾಯ್ದೆ ಬಂತು. ನಮ್ಮ ತಾತನಿಗೆ ಅದು ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು. ಜೀವಿಕ ಸಂಘಟನೆಯವರು ಹಳ್ಳಿ ಹಳ್ಳಿ ತಿರುಗಿ ಹೇಳುತ್ತಿದ್ದರು. ಜೀವಿಕ ಅಂದರೆ ಜೀತ ವಿಮುಕ್ತಿ ಕರ್ನಾಟಕ. ಕೊನೆಗೆ ತಾತನಿಗೆ ಬಿಡುಗಡೆ ಪತ್ರ ಸಿಕ್ಕಿತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರು.

ಆ ಕಾಯ್ದೆಯ 14ನೇ ಕಲಮಿನಲ್ಲಿ ಇವರ ಬಗ್ಗೆ ಇರುವ ಇಂಗ್ಲಿಷ್ ಪದ ‘ಫ್ರೀಡ್’. ಬಿಡುಗಡೆಯಾದವರು. ಈಗಿನ ವರದಿಗಳಲ್ಲಿ ಇಟ್ಟಿಗೆ ಗೂಡಿನಿಂದ ಬಂದವರಿಗೆ ‘ರೆಸ್ಕ್ಯೂಡ್ ಲೇಬರರ್ಸ್’ ಅಂತ ಬರೆಯುವುದನ್ನು ಜಾಸ್ತಿ ನೋಡುತ್ತೇನೆ. ಕನ್ನಡಕ್ಕೆ ಬರುವಾಗ ‘ರಕ್ಷಿಸಲ್ಪಟ್ಟವರು’. ಎರಡರ ನಡುವೆ ಬಹಳ ದೂರ ಇದೆ. ರಕ್ಷಣೆ ಯಾರೋ ಕೊಟ್ಟದ್ದು. ಬಿಡುಗಡೆ ಹುಟ್ಟಿನಿಂದಲೇ ನಮ್ಮದಾಗಿದ್ದು, ಯಾರೋ ಕಿತ್ತುಕೊಂಡಿದ್ದರು.

ತಾತ ಒಮ್ಮೆಯೂ ‘ನನ್ನನ್ನು ಕಾಪಾಡಿದರು’ ಅಂತ ಹೇಳಿದ್ದಿಲ್ಲ. ಸಂಘದವರ ಮೇಲೆ ಪ್ರಾಣ ಇಟ್ಟಿದ್ದರು, ಅವರು ಮನೆಗೆ ಬಂದರೆ ಕೋಳಿ ಕೊಯ್ಯಿಸುತ್ತಿದ್ದರು. ಆದರೂ ಹೇಳುವುದು ಮಾತ್ರ ‘ನಾನು ಜೀತ ಬಿಟ್ಟೆ’ ಅಂತ. ಆ ವಾಕ್ಯದಲ್ಲಿ ಕೆಲಸ ಮಾಡಿದವರು ಅವರೇ. ಪ್ರಾಣಿಗಳ ಬೋರ್ಡಿನಲ್ಲಿ ಏನು ಬರೆದರೂ ನಡೆದೀತು. ಮನುಷ್ಯರ ಬಗ್ಗೆ ಬರೆಯುವಾಗ, ದಯವಿಟ್ಟು ಅವರು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ ಅಂತ ಮೊದಲು ಕೇಳಿ.

ಸುದ್ದಿಮನೆ ಡೆಸ್ಕ್

ಆನೇಕಲ್ಲಿನವರೇ, ನಿಮ್ಮ ಮಾತನ್ನು ನಮ್ಮ ಡೆಸ್ಕಿನವರಿಗೆಲ್ಲ ಓದಿ ಹೇಳಿದೆ. ಇನ್ನು ಮುಂದೆ ನಾನು ‘ಜೀತದಿಂದ ಬಿಡುಗಡೆಯಾದವರು’ ಅಂತಲೇ ಬರೆಯುತ್ತೇನೆ. ಒಂದು ಪದ ಜಾಸ್ತಿ ಆದರೂ ಜಾಗ ಮಾಡಿಕೊಳ್ಳುತ್ತೇನೆ.

ಶಿರಸಿ ಅನುವಾದಕಿ

ಎಲ್ಲರ ಬರಹವನ್ನೂ ಎರಡೆರಡು ಸಲ ಓದಿದೆ. ಆನೇಕಲ್ಲಿನ ತಮ್ಮಾ, ನಿನ್ನ ತಾತನ ವಾಕ್ಯವನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಇವತ್ತು ಆ ಜಾಗಕ್ಕೆ ಹೋಗಿ ಕೂತು ಒಂದೊಂದೇ ಬೋರ್ಡು ಮಾಡಿದೆವು. ಎಲ್ಲದಕ್ಕೂ ಒಂದೇ ಪದ ಹುಡುಕುವುದನ್ನು ಬಿಟ್ಟೆ. ಮುಖ್ಯ ಬೋರ್ಡಿಗೆ ‘ಅಪಾಯದಿಂದ ಪಾರು ಮಾಡಿ ತಂದ ಪ್ರಾಣಿಗಳು’. ನಾಯಿಗಳ ಮನೆಗೆ ‘ಬೀದಿಯಿಂದ ಎತ್ತಿ ತಂದು ಸಾಕುತ್ತಿರುವ ನಾಯಿಗಳು’. ಕರುವಿನ ಮುಂದೆ ‘ಬಾವಿಯಿಂದ ಎತ್ತಿದ ಕರು’. ಹಾವಿನ ಪುಸ್ತಕದ ಮೇಲೆ ‘ಹಿಡಿದು ಬಿಟ್ಟ ಹಾವುಗಳು’. ಅರ್ಜಿಯಲ್ಲಿ ‘ರೆಸ್ಕ್ಯೂಡ್ ಬೈ’ ಅಂತಿದ್ದ ಕಡೆ ‘ತಂದವರು ಯಾರು’, ‘ರೆಸ್ಕ್ಯೂಡ್ ಫ್ರಂ’ ಕಡೆ ‘ಎಲ್ಲಿ ಸಿಕ್ಕಿತು’.

ಅತ್ತೆಗೆ ಓದಿ ಹೇಳಿದೆ. ಕರುವಿನ ಬೋರ್ಡು ಕೇಳಿ, ‘ಯಾರ ಮನೆ ಬಾವಿ ಅಂತೆ?’ ಅಂದರು.

ಮೈಸೂರು ಪಶುವೈದ್ಯೆ

ಎಲ್ಲವೂ ಚೆನ್ನಾಗಿವೆ ಮೇಡಂ. ಹಾವಿನ ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿಸಿ, ‘ಎಲ್ಲಿ ಬಿಟ್ಟಿರಿ’ ಅಂತ. ಜೊತೆಗೆ ಸಿಕ್ಕ ಜಾಗದಿಂದ ಎಷ್ಟು ದೂರ ಅನ್ನುವುದನ್ನೂ ಬರೆಸಿ. ಹಿಡಿಯಲು ಬರುವ ಹುಡುಗರಿಗೆ ಮೊದಲ ದಿನವೇ ಅದನ್ನು ತೋರಿಸಿ.